ದೀಪ ಎಣಿಸುತ್ತಿದ್ದ ಮಿಸ್ತ್ರಿ

ಗಾಡಿ ಬಂದು ನಿಂತರೆ ಮಿಸ್ತ್ರಿ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಕೈ ಒರೆಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂಡುತ್ತಿದ್ದರು. ಎಂಜಿನ್ ಚಾಲೂ ಮಾಡದೆ ಬರೀ ಕೀಲಿ ತಿರುವಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಸ್ಟೇರಿಂಗಿನ ಹಿಂದೆ ಹತ್ತುವ ಸಣ್ಣ ದೀಪಗಳನ್ನು ನೋಡುತ್ತಿದ್ದರು. ಆಮೇಲೆ ಎಂಜಿನ್ ಚಾಲೂ ಮಾಡಿ, ಅವು ಒಂದೊಂದಾಗಿ ಆರುವುದನ್ನು ನೋಡುತ್ತಿದ್ದರು.

“ಎಲ್ಲಾ ದೀಪ ಹತ್ತಬೇಕು, ಹತ್ತಿದ್ದು ಆರಬೇಕು. ಹತ್ತಲಿಲ್ಲಂದ್ರ ಗಾಡಿಗೆ ಬಾಯಿಲ್ಲ. ಆರಲಿಲ್ಲಂದ್ರ ಬ್ಯಾನಿ ಐತಿ,” ಎನ್ನುತ್ತಿದ್ದರು. ರೋಣ, ನರಗುಂದ, ಗಜೇಂದ್ರಗಡದ ಡ್ರೈವರುಗಳಿಗೆಲ್ಲ ಈ ಮಾತು ಬಾಯಿಪಾಠವಾಗಿತ್ತು. ಹೊಸದಾಗಿ ಕಾರು ಕಲಿತವರಿಗೂ ಅವರು ಇದನ್ನೇ ಹೇಳಿ ಕಳಿಸುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಗಜೇಂದ್ರಗಡದ ಖಬರಸ್ತಾನಕ್ಕೆ ಹೋದವರನ್ನು ನಾನು ನೋಡಿದೆ, ಬಹಳ ಮಂದಿ ಇರಲಿಲ್ಲ. ಒಂದು ಕಾಲಕ್ಕೆ ಅವರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಜಾಗವಿರುತ್ತಿರಲಿಲ್ಲ. ಆ ಗಾಡಿಗಳ ಮಾಲಕರಲ್ಲಿ ಒಬ್ಬರೂ ಅವತ್ತು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ನನಗೆ ಗೊತ್ತಿದೆ. ಅದನ್ನು ಹೇಳುವ ಮೊದಲು ಅವರು ಎಂಥವರಾಗಿದ್ದರು ಎಂದು ಹೇಳಬೇಕು.

ನಾನು ರೋಣದಲ್ಲಿ ಅರಳೆ ವ್ಯಾಪಾರದ ಒಬ್ಬ ಸಾಹುಕಾರರ ಕಾರು ಓಡಿಸುವವನು. ಓದಿದ್ದು ಹತ್ತನೆಯ ಇಯತ್ತೆ. ಮೊದಮೊದಲು ಗಾಡಿಯ ಸಲುವಾಗಿ ಗಜೇಂದ್ರಗಡಕ್ಕೆ ಹೋಗುತ್ತಿದ್ದೆ. ಆಮೇಲಾಮೇಲೆ ಮಿಸ್ತ್ರಿಯ ಸಲುವಾಗಿ ಹೋಗತೊಡಗಿದೆ. ಅದಕ್ಕೆ ಕಾರಣ ಒಂದು ಸ್ಟೂಲು. ಅವರ ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು, ಅದು ಡ್ರೈವರನಿಗೆ. ಮಾಲಕರು ಜೊತೆಗೆ ಬಂದಿದ್ದರೆ ಅವರು ನಿಲ್ಲಬೇಕು, ಇಲ್ಲವೆ ಗಾಡಿಯಲ್ಲೇ ಕೂಡಬೇಕು. ಒಮ್ಮೆ ನಮ್ಮ ಸಾಹುಕಾರರು ನಕ್ಕೋತ ಕೇಳಿದರು, “ಏನ್ ಮಿಸ್ತ್ರಿ, ಗಾಡಿ ನಂದು, ಕುರ್ಚಿ ಅವಂದೇನು?”

“ಗಾಡಿ ನಿಮ್ಮದ್ರಿ. ಅದರ ಬ್ಯಾನಿ ಗೊತ್ತಿರೂದು ಅವಗ.”

ಈ ಪದ್ಧತಿ ಅವರಿಗೆ ತಂದೆಯಿಂದ ಬಂದದ್ದು. ತಂದೆ ಎತ್ತಿನ ಗೊರಸಿಗೆ ನಾಲು ಬಡಿಯುತ್ತಿದ್ದವರು. ಎತ್ತನ್ನು ಕೆಡವಿ ಕಾಲು ಕಟ್ಟುವ ಮೊದಲು ಅವರು ಎತ್ತಿನ ಮಾಲಕನನ್ನು ಬದಿಗೆ ಸರಿಸಿ, ಅದನ್ನು ದಿನಾ ಹೂಡುವ ಆಳನ್ನು ಕರೆದು, ಯಾವ ಕಾಲು ಎತ್ತಿ ಇಡುತ್ತದೆ, ಎಲ್ಲಿ ಅಳುಕುತ್ತದೆ ಎಂದು ಕೇಳುತ್ತಿದ್ದರಂತೆ. ಮಗ ಎತ್ತು ಬಿಟ್ಟು ಜೀಪಿಗೆ ಬಂದ, ಜೀಪಿನಿಂದ ಟೆಂಪೋಕ್ಕೆ, ಆಮೇಲೆ ಕಾರಿಗೆ. ಕೇಳುವುದನ್ನು ಮಾತ್ರ ಬಿಡಲಿಲ್ಲ. ಡ್ರೈವರ್ ಹೇಳಿದ್ದನ್ನು ಅವರು ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು. ನಾವು ಡ್ರೈವರುಗಳು ಮನೆಯಲ್ಲೂ ಅಷ್ಟು ಹೊತ್ತು ಮಾತಾಡಿದವರಲ್ಲ.

ಎಲೆಕ್ಟ್ರಿಕ್ ಸ್ಟೇರಿಂಗಿನ ಸಣ್ಣ ಕಾರುಗಳು ನಮ್ಮ ಕಡೆ ಬರತೊಡಗಿದ್ದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ. ಆಗ ಮಿಸ್ತ್ರಿಗೆ ಐವತ್ತು ದಾಟಿತ್ತು. ಉಳಿದ ಗ್ಯಾರೇಜಿನವರು “ಅದೆಲ್ಲಾ ಕಂಪ್ಯೂಟರ್ ಕೆಲಸ, ಹುಬ್ಬಳ್ಳಿಗೆ ಒಯ್ಯಿರಿ” ಎಂದು ಕೈ ತೊಳೆದುಕೊಂಡರು. ಇವರೂ ಹುಬ್ಬಳ್ಳಿಗೆ ಹೋದರು, ಕಲಿಯಲಿಕ್ಕೆ. ಅಲ್ಲಿಯ ವರ್ಕ್‌ಶಾಪಿನವರು ಒಳಗೆ ಬಿಡಲಿಲ್ಲ. “ಗಾಜಿನ ಈಚೆ ಕುಂದರಿಸಿ ಚಾ ಕುಡಿಸಿ ಕಳಿಸಿದ್ರು. ಚಾ ಚಲೋ ಇತ್ತು,” ಎಂದು ಬಂದು ಹೇಳಿದರು. ಬರುವಾಗ ಗುಜರಿಯಿಂದ, ಎಲ್ಲಿಯೋ ಜಜ್ಜಿಹೋದ ಕಾರಿನ ಸ್ಟೇರಿಂಗ್ ಕಂಬವನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಆರು ತಿಂಗಳು ಅದನ್ನು ಬಿಚ್ಚಿದರು, ಕೂಡಿಸಿದರು, ಮತ್ತೆ ಬಿಚ್ಚಿದರು.

ಒಂದು ದಿನ ನನ್ನನ್ನು ಕೂಡಿಸಿಕೊಂಡು ತೋರಿಸಿದರು. “ಇಲ್ಲಿ ನೋಡು. ನಿನ್ನ ಕೈ ಎಷ್ಟು ಜೋರ ಹಚ್ಚಿ ತಿರುವತೈತಿ ಅಂತ ಈ ಸೆನ್ಸರ್ ನೋಡತೈತಿ. ನೋಡಿ ಈ ಕಂಪ್ಯೂಟರ್ ಪೆಟ್ಟಿಗಿಗೆ ಹೇಳತೈತಿ. ಪೆಟ್ಟಿಗಿ ಈ ಮೋಟರಿಗೆ ಹೇಳತೈತಿ, ಇಷ್ಟು ಕೈ ಹಚ್ಚು ಅಂತ. ಊರಾಗ ಸಾವಕಾಶ ಹೊಂಟಾಗ ಜಾಸ್ತಿ, ಜೋರು ಹೊಂಟಾಗ ಕಡಿಮಿ.”

“ಸೆನ್ಸರ್ ಸುಳ್ಳು ಹೇಳಿದ್ರ, ಮಿಸ್ತ್ರಿ?” ಎಂದು ಕೇಳಿದೆ.

“ಅದಕ್ಕ ಒಳಗ ಇಬ್ಬರನ್ನ ಇಟ್ಟಾರ. ಇಬ್ಬರೂ ಹೇಳಿದ್ದು ಒಂದ ಆಗಬೇಕು. ಫರಕ್ ಬಂತೋ, ಪೆಟ್ಟಿಗಿ ಇಬ್ಬರನ್ನೂ ನಂಬಂಗಿಲ್ಲ. ಮೋಟರ್ ಬಂದ್ ಮಾಡತೈತಿ, ದೀಪ ಹಚ್ಚತೈತಿ. ಸ್ಟೇರಿಂಗ್ ಬಿಗಿ ಆಗತೈತಿ ಖರೇ, ಆದ್ರ ನಿನ್ನ ಕೈಯಾಗ ಇರತೈತಿ. ತಪ್ಪು ಕಡೆ ಎಳಿಯೂದಕ್ಕಿಂತ ಕೈ ಬಿಡೂದು ಚಲೋ ಅಂತ ಅದಕ್ಕ ತಿಳೀತೈತಿ ನೋಡು. ಮನಷ್ಯಾರಿಗೆ ತಿಳಿಯಂಗಿಲ್ಲ.”

ಕಾರಿನ ಬ್ಯಾನಿ ಯಾವುದೆಂದು ಹಿಡಿಯಲು ಅವರ ಹತ್ತಿರ ಯಂತ್ರವಿರಲಿಲ್ಲ. ಒಂದು ತುಂಡು ತಂತಿ ಇತ್ತು. ಸ್ಟೇರಿಂಗಿನ ಕೆಳಗಿರುವ ಎರಡು ಕಡ್ಡಿಗಳಿಗೆ ಆ ತಂತಿ ಹಚ್ಚಿದರೆ ಸ್ಟೇರಿಂಗಿನ ದೀಪ ಮಿಣುಕತೊಡಗುತ್ತಿತ್ತು. ಉದ್ದನೆಯ ಮಿಣುಕು ಇಷ್ಟು, ಗಿಡ್ಡನೆಯದು ಇಷ್ಟು ಎಂದು ಎಣಿಸಿದರೆ ಯಾವ ಭಾಗ ಕೆಟ್ಟಿದೆ ಎಂಬ ನಂಬರು ಸಿಗುತ್ತಿತ್ತು. ಮಿಸ್ತ್ರಿ ಅದನ್ನು ಹೆಬ್ಬೆರಳಿನಿಂದ ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಿದ್ದರು, ನಮಾಜು ಮುಗಿಸಿ ಕೂತು ಎಣಿಸುತ್ತಾರಲ್ಲ, ಹಾಗೆ. ಮೂರು ಸಲ ಎಣಿಸಿ, ಮೂರೂ ಸಲ ಒಂದೇ ನಂಬರು ಬಂದರೆ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಬರೆಯುವುದು ಉರ್ದುವಿನಲ್ಲಿ.

“ಏನ್ ಮಿಸ್ತ್ರಿ, ನಮಾಜ್ ಮಾಡಾಕತ್ತೀಯೋ ಗಾಡಿ ನೋಡಾಕತ್ತೀಯೋ?” ಎಂದು ನಮ್ಮ ಸಾಹುಕಾರರು ಕೆಣಕಿದ್ದರು.

“ಎರಡರಾಗೂ ಎಣಿಕಿ ತಪ್ಪಬಾರದ್ರಿ,” ಎಂದರು, ತಲೆ ಎತ್ತದೆ.

ಅವರಿಗೆ ನಗಿಸುವುದೂ ಗೊತ್ತಿತ್ತು. ನರಗುಂದದ ಒಬ್ಬ ಡಾಕ್ಟರು, ತಮ್ಮ ಓಣಿ ಇಕ್ಕಟ್ಟು, ಕಾರು ಹಿಂದೆ ಮುಂದೆ ಮಾಡಿ ಮಾಡಿ ತಿರುವುವಷ್ಟರಲ್ಲಿ ಸ್ಟೇರಿಂಗ್ ಬಿಗಿಯಾಗುತ್ತದೆ ಎಂದು ದೂರು ತಂದರು. ದೀಪ ಹತ್ತುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ ಎಂದರು. ಮಿಸ್ತ್ರಿ ಏನನ್ನೂ ಬಿಚ್ಚಲಿಲ್ಲ.

“ದಣಿದೈತ್ರಿ ಡಾಕ್ಟರ್. ನಿಂತಲ್ಲೆ ಹತ್ತು ಸಲ ತಿರುವಿದ್ರ ಮೋಟರಿಗೆ ಕಾವು ಏರತೈತಿ. ಪೆಟ್ಟಿಗಿ ಒಂದೀಟು ಆರಾಮ ತಗೋ ಅಂತೈತಿ. ನಿಮ್ಮ ಪೇಶಂಟಿಗೆ ನೀವು ಹಂಗ ಅನ್ನೂದಿಲ್ಲೇನು?”

“ನಾ ಅಂತೇನಿ. ಅವರು ಕೇಳಂಗಿಲ್ಲ.”

“ಇದು ಕೇಳತೈತ್ರಿ. ಹೋಗಿ ಬರ್ರಿ.”

ಒಂದು ಕೆಲಸವನ್ನು ಮಾತ್ರ ಅವರು ಯಾರಿಗೂ ಮಾಡಿಕೊಡಲಿಲ್ಲ. ದೀಪ ಆರಿಸಿಕೊಡಿ ಎಂದು ಬರುವವರು ಬಹಳ ಇದ್ದರು. ಸ್ಟೇರಿಂಗಿನ ಭಾಗ ಬದಲಿಸುವುದು ದುಬಾರಿ. ದೀಪದ ಬಲ್ಬು ಕೀಳುವುದು ಸಸ್ತಾ. “ನಡೀತೈತಲ್ರಿ ಗಾಡಿ, ದೀಪ ಒಂದು ಕಣ್ಣಾಗ ಚುಚ್ಚತೈತಿ” ಎನ್ನುತ್ತಿದ್ದರು. ಮಿಸ್ತ್ರಿ ಅಂಥವರಿಗೆ, “ಕೂಸು ಅಳತೈತಿ ಅಂತ ಬಾಯಾಗ ಅರಿವಿ ತುರುಕ್ತೀರೇನ್ರಿ?” ಎಂದು ಕೇಳಿ ಬೇರೆ ಗಾಡಿಗೆ ಹೋಗುತ್ತಿದ್ದರು. ಮೂರೂ ಊರುಗಳಲ್ಲಿ ಹಳೆಯ ಕಾರು ಕೊಳ್ಳುವವರು ಅವರ ಅಂಗಡಿಗೆ ತಂದು ತೋರಿಸಿಯೇ ಕೊಳ್ಳುತ್ತಿದ್ದದ್ದು ಇದರಿಂದ. ಅವರು “ತಗೋರಿ” ಎಂದರೆ ಕೊಳ್ಳುವುದು, “ಬ್ಯಾಡ್ರಿ” ಎಂದರೆ ಬಿಡುವುದು. ಅದಕ್ಕೆ ಅವರು ಒಂದು ಚಾ ಮಾತ್ರ ಕುಡಿಯುತ್ತಿದ್ದರು.

ನಮ್ಮ ಸಾಹುಕಾರರ ಕಾರಿನ ದೀಪ ಹತ್ತತೊಡಗಿದ್ದು ಒಂದು ಸುಗ್ಗಿಯ ಹೊತ್ತಿಗೆ. ದಿನಾ ಅಲ್ಲ. ಕೆಟ್ಟ ರಸ್ತೆಯಲ್ಲಿ ಒಮ್ಮೊಮ್ಮೆ ದೀಪ ಹತ್ತಿ ಸ್ಟೇರಿಂಗ್ ಬಿಗಿಯಾಗುತ್ತಿತ್ತು. ನಿಲ್ಲಿಸಿ ಕೀಲಿ ತೆಗೆದು ಮತ್ತೆ ಚಾಲೂ ಮಾಡಿದರೆ ಸರಿಯಾಗುತ್ತಿತ್ತು. ಮಿಸ್ತ್ರಿ ತಂತಿ ಹಚ್ಚಿ ಮೂರು ಸಲ ಎಣಿಸಿದರು. ಸೆನ್ಸರ್ ಕೆಟ್ಟಿದೆ, ಇಡೀ ಕಂಬ ಬದಲಿಸಬೇಕು ಎಂದರು. ಅಲ್ಲಿಯವರೆಗೆ ಎಂದು ಸ್ಟೇರಿಂಗ್ ಮೋಟರಿನ ಫ್ಯೂಸ್ ಕಿತ್ತು ನನ್ನ ಕೈಗೆ ಕೊಟ್ಟರು. “ಪೂರಾ ಸುಧಾರಸ್ರಿ, ಇಲ್ಲಾ ಪೂರಾ ತಗೀರಿ. ಬಿಗಿ ಇದ್ರ ಯಾವಾಗ್ಲೂ ಬಿಗಿ ಇರ್ಲಿ, ಕೈಗೆ ರೂಢಿ ಆಗತೈತಿ. ಒಮ್ಮೆ ಇದ್ದು ಒಮ್ಮೆ ಇಲ್ಲದ್ದು ಮನಷ್ಯಾನ್ನ ತಿನ್ನತೈತಿ.”

ಸಾಹುಕಾರರು ಕಂಬ ಬದಲಿಸಲಿಲ್ಲ. ಕಾರನ್ನೇ ಮಾರಲು ನಿಶ್ಚಯಿಸಿದರು. ದೀಪ ಹತ್ತುವ ಕಾರನ್ನು ಯಾರೂ ಕೊಳ್ಳುವುದಿಲ್ಲವಲ್ಲ, ಅದಕ್ಕೆ ನರಗುಂದದ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋಗಲು ನನಗೆ ಹೇಳಿದರು. ನಾನು ಒಯ್ದೆ. ಅವನು ಫ್ಯೂಸ್ ಮತ್ತೆ ಹಾಕಿದ. ಸ್ಟೇರಿಂಗ್ ದೀಪದ ತಂತಿ ಕತ್ತರಿಸಿ, ಅದನ್ನು ಬ್ಯಾಟರಿ ದೀಪದ ತಂತಿಗೆ ಕೂಡಿಸಿದ. ಈಗ ಕೀಲಿ ತಿರುವಿದರೆ ಬ್ಯಾಟರಿ ದೀಪದ ಜೊತೆ ಸ್ಟೇರಿಂಗ್ ದೀಪವೂ ಹತ್ತುತ್ತಿತ್ತು, ಎಂಜಿನ್ ಚಾಲೂ ಆದೊಡನೆ ಎರಡೂ ಆರುತ್ತಿದ್ದವು. ಸ್ಟೇರಿಂಗಿಗೆ ಏನೇ ಆದರೂ ಮುಂದೆ ಅದು ಹತ್ತುವ ಹಾಗಿರಲಿಲ್ಲ. ಬಲ್ಬು ಕಿತ್ತಿದ್ದರೆ ಮಿಸ್ತ್ರಿಗೆ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. “ಹತ್ತಬೇಕು, ಹತ್ತಿದ್ದು ಆರಬೇಕು” ಎಂದು ಅವರು ಎಲ್ಲರಿಗೂ ಕಲಿಸಿದ್ದರಲ್ಲ, ಆ ಪರೀಕ್ಷೆಗೆ ಅಳತೆ ತೆಗೆದು ಹೊಲಿದ ಸುಳ್ಳು ಅದು. ನಾನು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದೆ.

ಕೊಳ್ಳಲು ಬಂದವರು ಮೆಣಸಗಿಯ ಕಡೆ ಸಾಲಿಯಲ್ಲಿ ಕಲಿಸುವ ಒಬ್ಬ ಮಾಸ್ತರರು. ಗಂಡ ಹೆಂಡತಿ ಇಬ್ಬರೇ, ಹೆಂಡತಿಗೆ ಬಸ್ಸಿನ ಪ್ರಯಾಣ ಆಗುತ್ತಿರಲಿಲ್ಲ. ಮಿಸ್ತ್ರಿಗೆ ತೋರಿಸುತ್ತೇನೆ ಎಂದರು. ಸಾಹುಕಾರರು ನನ್ನನ್ನು ಕರೆದು, “ನೀ ಹೋಗು. ಏನು ಹೇಳಬೇಕು ನಿನಗ ಗೊತ್ತೈತಿ,” ಎಂದರು. ಅಷ್ಟೇ ಹೇಳಿದ್ದು. ನನ್ನ ನೌಕರಿ ಹನ್ನೆರಡು ವರ್ಷದ್ದಾಗಿತ್ತು.

ಮಿಸ್ತ್ರಿ ಕಾರನ್ನು ಕಂಡ ಕೂಡಲೆ ಗುರುತು ಹಿಡಿದರು. ಸ್ಟೂಲು ಎಳೆದು ನನಗೆ ಕೊಟ್ಟರು. ಮಾಸ್ತರರು ನಿಂತಿದ್ದರು. ಮಿಸ್ತ್ರಿ ಸೀಟಿನಲ್ಲಿ ಕೂತು ಕೀಲಿ ತಿರುವಿದರು. ದೀಪಗಳು ಹತ್ತಿದವು. ಚಾಲೂ ಮಾಡಿದರು. ಎಲ್ಲವೂ ಆರಿದವು. ಸ್ಟೇರಿಂಗ್ ಒಂದು ಬೆರಳಿಗೆ ತಿರುಗಿತು.

“ಕಂಬ ಬದಲಿ ಮಾಡಿಸಿದ್ರೇನು ತಮ್ಮಾ?”

“ಹೌದ್ರಿ. ಹುಬ್ಬಳ್ಳಿಯಾಗ.”

ಅವರು ಜೇಬಿನಿಂದ ತಂತಿ ತೆಗೆದಿದ್ದರು. ಹಚ್ಚಿದ್ದರೆ ಆ ದೀಪ ಮಿಣುಕುತ್ತಿರಲಿಲ್ಲ, ಸುಳ್ಳು ಬಯಲಾಗುತ್ತಿತ್ತು. ಬಗ್ಗಿ ಹಚ್ಚಬೇಕು, ಅಷ್ಟರಲ್ಲಿ ನಾನೇ ಮತ್ತೆ ಬಾಯಿಬಿಟ್ಟೆ. “ನಾನ ನಿಂತು ಮಾಡಿಸೀನ್ರಿ ಮಿಸ್ತ್ರಿ.”

ಅವರು ನನ್ನ ಮುಖ ನೋಡಿದರು. ತಂತಿಯನ್ನು ಸುತ್ತಿ ಜೇಬಿಗೆ ಹಾಕಿದರು. “ನೀ ನಿಂತು ಮಾಡಿಸಿದ ಮ್ಯಾಲ ಎಣಸೂದೇನೈತಿ,” ಎಂದರು. ಆಮೇಲೆ ಮಾಸ್ತರರ ಕಡೆ ತಿರುಗಿ, “ತಗೋರಿ,” ಎಂದರು. ಚಾ ತರಿಸಿದರು. ನಾನು ಅದನ್ನು ಕುಡಿದೆ.

ಎರಡು ತಿಂಗಳ ನಂತರ ಮಾಸ್ತರರ ಕಾರು, ರೋಣದಿಂದ ಅವರ ಊರಿಗೆ ಹೋಗುವ ದಾರಿಯಲ್ಲಿ, ಹಳ್ಳದ ತಿರುವಿನಲ್ಲಿ ಸೇತುವೆಯ ಕೆಳಗೆ ಬಿತ್ತು. ಹಾಡಹಗಲು, ಎದುರಿಗೆ ಯಾರೂ ಇರಲಿಲ್ಲ. ಮಾಸ್ತರರ ಬಲಗೈ ಮುರಿಯಿತು. ಹೆಂಡತಿ ಗದಗಿನ ದವಾಖಾನೆಯಲ್ಲಿ ಮೂರನೆಯ ದಿನ ತೀರಿಕೊಂಡರು. ಪೊಲೀಸರು ಚಾಲಕನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು.

ಮಾಸ್ತರರು ಕೈಗೆ ಪಟ್ಟಿ ಕಟ್ಟಿಕೊಂಡೇ ಗಜೇಂದ್ರಗಡಕ್ಕೆ ಹೋದದ್ದನ್ನು ಅಲ್ಲಿದ್ದ ಡ್ರೈವರುಗಳು ನನಗೆ ಹೇಳಿದರು. ಬೈಯಲಿಲ್ಲವಂತೆ. “ಸ್ಟೇರಿಂಗ್ ಮೊದಲು ಒಂದೆರಡು ಸಲ ಬಿಗಿ ಅನಿಸಿತ್ತು. ದೀಪ ಹತ್ತಿರಲಿಲ್ಲ. ದೀಪ ಹತ್ತಿದ್ರ ಬ್ಯಾನಿ ಅಂತ ನೀವ ಹೇಳಿದ್ರಿ. ಹತ್ತಲಿಲ್ಲಲ್ಲ, ನನ್ನ ಕೈಯೇ ಸರಿ ಇಲ್ಲ ಅನ್ಕೊಂಡೆ. ನೀವು ತಗೋರಿ ಅಂದ್ರಿ, ತಗೊಂಡೆ,” ಎಂದು ಹೇಳಿ ಎದ್ದು ಹೋದರಂತೆ. ಸಂಜೆಯೊಳಗೆ ಈ ಮಾತು ಮೂರೂ ಊರು ಮುಟ್ಟಿತ್ತು. ಮಿಸ್ತ್ರಿ ಕೆಟ್ಟ ಗಾಡಿಯನ್ನು ಪಾಸು ಮಾಡಿದರು. ಸಾಹುಕಾರರ ಕಡೆಯಿಂದ ಏನು ಸಿಕ್ಕಿತೋ. ಹೀಗೆ ಅಂದವರಲ್ಲಿ, ದೀಪ ಆರಿಸಿಕೊಡಿ ಎಂದು ಅವರ ಹತ್ತಿರ ಹೋಗಿ ಬರಿಗೈಲಿ ವಾಪಸಾದವರೇ ಹೆಚ್ಚು.

ಮಿಸ್ತ್ರಿ ಜಜ್ಜಿದ ಕಾರು ಬಿದ್ದಿದ್ದಲ್ಲಿಗೆ ಹೋಗಿ ಬಿಚ್ಚಿ ನೋಡಿ ಬಂದರು. ನಾಲ್ಕು ದಿನ ಬಿಟ್ಟು ನನಗೆ ಹೇಳಿಕಳಿಸಿದರು. ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸ್ಟೂಲು ಕೊಟ್ಟರು. ಕತ್ತರಿಸಿ ಕೂಡಿಸಿದ ತಂತಿಯ ತುಂಡನ್ನು ಅಂಗೈಯಲ್ಲಿಟ್ಟು ತೋರಿಸಿದರು.

“ನೀ ನಿಂತು ಮಾಡಿಸಿದ್ದು ಇದೇನು?”

ನಾನು ಸ್ಟೂಲಿನಿಂದ ಎದ್ದು ನಿಂತೆ.

“ಪೆಟ್ಟಿಗಿ ಇಬ್ಬರನ್ನ ಕೇಳತೈತಿ. ನಾ ಒಬ್ಬನ್ನ ಕೇಳಿದೆ,” ಎಂದರು. ದನಿ ಏರಿಸಲಿಲ್ಲ. “ನಾ ಯಾರಿಗೂ ಹೇಳಂಗಿಲ್ಲ. ಮಾಸ್ತರಗ ಹೇಳೂದು ನಿನ್ನ ಕೆಲಸ. ನನ್ನ ಸಲುವಾಗಿ ಬ್ಯಾಡ. ಅವ ತನ್ನ ಕೈಲೆ ಹೆಂಡತಿನ್ನ ಕೊಂದೆ ಅನ್ಕೊಂಡು ಕುಂತಾನ. ಲಗೂನ ಹೋಗು.”

ನಾಳೆ ಹೋಗುತ್ತೇನೆ ಎಂದೆ. ಆ ನಾಳೆ ಮೂರು ವರ್ಷ ಬರಲಿಲ್ಲ.

ಆ ಮೂರು ವರ್ಷದಲ್ಲಿ ಅವರ ಅಂಗಡಿ ಖಾಲಿಯಾಯಿತು. ಕಾರುಗಳು ಬರುವುದು ನಿಂತಿತು. ಟ್ರ್ಯಾಕ್ಟರ್ ಟ್ರೇಲರಿನ ಕೊಂಡಿ ಬೆಸೆಯುವುದು, ಕೈಗಾಡಿಯ ಗಾಲಿ ರಿಪೇರಿ, ಇಂಥವು ಉಳಿದವು. ಹಳೆಯ ಗಾಡಿ ನೋಡಿ ಹೇಳಿ ಎಂದು ಊರ ಹೊರಗಿನವರು ಯಾರಾದರೂ ತಿಳಿಯದೆ ಬಂದರೆ, “ನಾ ನೋಡೂದು ಬಿಟ್ಟೀನ್ರಿ,” ಎನ್ನುತ್ತಿದ್ದರು. ಆ ಕಾರಿನ ಮಾತು ಎತ್ತಿದರೆ ಒಂದೇ ಉತ್ತರ: “ತಂತಿ ಹಚ್ಚಿ ಎಣಸಬೇಕಿತ್ತು. ಎಣಸಲಿಲ್ಲ.” ಅದು ತಪ್ಪೊಪ್ಪಿಗೆ ಎಂದೇ ಎಲ್ಲರೂ ತಿಳಿದರು. ಅವರಿಗೂ ಅದು ತಪ್ಪೊಪ್ಪಿಗೆಯೇ ಆಗಿತ್ತು. ಆ ಎರಡು ಮಾತುಗಳ ಹಿಂದೆ ನಾನು ಅಡಗಿಕೊಂಡಿದ್ದೆ.

ಗಜೇಂದ್ರಗಡಕ್ಕೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಕಡೆಯಿಂದ ಸುತ್ತು ಹಾಕಿ ಅವರ ಅಂಗಡಿ ತಪ್ಪಿಸುತ್ತಿದ್ದೆ. ಒಮ್ಮೆ ಸಂತೆಯಲ್ಲಿ ಎದುರಾದರು. ಓಡಲು ಜಾಗವಿರಲಿಲ್ಲ. “ಆರಾಮದಿಯೇನು?” ಎಂದರು. “ಹೂನ್ರಿ” ಎಂದೆ. “ಹೋಗಿದ್ದೇನು?” ಎಂದು ಕೇಳಿದರು. ಎಲ್ಲಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಕೈಚೀಲದಿಂದ ನಾಲ್ಕು ಪೇರಲಹಣ್ಣು ತೆಗೆದು ಮಕ್ಕಳಿಗೆ ಕೊಡು ಎಂದು ನನ್ನ ಕೈಗೆ ಹಾಕಿ ಹೋದರು. ಸಿಟ್ಟಿನಿಂದ ಎರಡು ಏಟು ಹಾಕಿದ್ದರೆ ನಾನು ಅವತ್ತೇ ಮಾಸ್ತರರ ಮನೆಗೆ ಹೋಗುತ್ತಿದ್ದೆನೇನೋ. ಹೀಗೆ ಬರೆಯುವಾಗಲೂ ತಪ್ಪನ್ನು ಅವರ ಮೇಲೆ ಹಾಕುತ್ತಿದ್ದೇನೆ ನೋಡಿ.

ಮಿಸ್ತ್ರಿಗೆ ಮಣ್ಣು ಕೊಟ್ಟು ಬಂದ ದಿನ ರೋಣದ ಚಾದಂಗಡಿಯಲ್ಲಿ ಕೂತವರು ಮತ್ತೆ ಆ ಕಾರಿನ ಮಾತು ತೆಗೆದರು. “ಒಳ್ಳೆ ಮನಷ್ಯಾ, ಕಡೀಕ ಹೆಸರು ಕೆಡಿಸ್ಕೊಂಡ” ಎಂದ ಒಬ್ಬ. ಆಗ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನರಗುಂದ, ತಂತಿ, ಟಾರ್ಚು, ನಾನು ಹೇಳಿದ ಸುಳ್ಳು. ಆಮೇಲೆ ಒಬ್ಬ ಹಿರಿಯ ನನ್ನ ಬೆನ್ನು ತಟ್ಟಿ, “ಇರ್ಲಿ ಬಿಡಪಾ. ಸತ್ತವರ ಸಲುವಾಗಿ ತನ್ನ ಮೈಮ್ಯಾಲ ಹಾಕ್ಕೊಳ್ಳೂದಂದ್ರ ಸಣ್ಣ ಮಾತಲ್ಲ. ಭಾಳ ದೊಡ್ಡ ಮನಸ್ಸು ನಿಂದು,” ಎಂದ. ಉಳಿದವರು ಹೌದು ಹೌದು ಎಂದರು. ನನ್ನ ಚಾದ ರೊಕ್ಕವನ್ನೂ ಅವರೇ ಕೊಟ್ಟರು. ಈಗ ಊರಲ್ಲಿ ನನಗೆ ಮೊದಲಿಗಿಂತ ಒಳ್ಳೆಯ ಹೆಸರಿದೆ. ಸಾಹುಕಾರರ ಕಿವಿಗೂ ಮಾತು ಬಿತ್ತು. “ಏನೇನೋ ಮಾತಾಡ್ತೀಯಂತ, ಮೈಯಾಗ ಆರಾಮಿಲ್ಲೇನು?” ಎಂದು ಕೇಳಿದರು. ಹೊಸ ಕಾರಿನ ಕೀಲಿ ಇನ್ನೂ ನನ್ನ ಹತ್ತಿರವೇ ಇದೆ.

ಮಾಸ್ತರರ ಮನೆಗೆ ಹೋದದ್ದು ಅದರ ಮರುದಿನ. ಬಸ್ಸಿನಲ್ಲಿ ಹೋದೆ. ಅವರು ಪಡಸಾಲೆಯಲ್ಲಿ ಕೂತು ಮಕ್ಕಳ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದರು. ಬಲಗೈ ಮೊಣಕೈಯಲ್ಲಿ ಪೂರಾ ಮಡಚುವುದಿಲ್ಲ, ಎಡಗೈಯಿಂದ ಬರೆಯುತ್ತಾರೆ. ನಿಂತುಕೊಂಡೇ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಪೆನ್ನಿನ ಟೊಪ್ಪಿಗೆ ಹಾಕಿದರು. ಅವರು ನಂಬಿದರು. ನಂಬಿದವರು ಅವರೊಬ್ಬರೇ.

“ಮಿಸ್ತ್ರಿಗೆ ಇದು ಗೊತ್ತಿತ್ತೇನು?”

“ಗೊತ್ತಿತ್ರಿ. ನಾಲ್ಕು ದಿನಕ್ಕ ಗೊತ್ತಾತು. ನಿಮಗ ಹೇಳು ಅಂತ ನನಗ ಹೇಳಿದ್ರು.”

“ಸಾಹುಕಾರಗ?”

“ಗೊತ್ತಿತ್ರಿ.”

“ನಿನಗ ಗೊತ್ತಿತ್ತು. ಎಲ್ಲಾರಿಗೂ ಗೊತ್ತಿತ್ತು.” ನೋಟ್‌ಬುಕ್ಕುಗಳನ್ನು ಬದಿಗೆ ಸರಿಸಿ ಹೇಳಿದರು, “ನಾ ಹೋದ ವರ್ಷ ಗಜೇಂದ್ರಗಡಕ್ಕ ಹೋಗಿದ್ದೆ. ಮಿಸ್ತ್ರಿ ರಸ್ತಾದಾಗ ಕಂಡ್ರು. ನನ್ನ ನೋಡಿ ನಿಂತ್ರು, ಏನೋ ಮಾತಾಡೂವರಿದ್ರು. ನಾ ಅವರ ಮುಂದ ಉಗುಳಿ ಬಂದೆ.”

ನಾನು ಕೈ ಮುಗಿದೆ. ಅವರು ನನ್ನ ಕೈ ನೋಡಲಿಲ್ಲ.

“ಹೋಗು,” ಎಂದರು. “ಬಸ್ಸಿನ ಹೊತ್ತಾತು.”